ಟೇಬಲ್ ಟೆನ್ನಿಸ್ ಬ್ಯಾಟೂ ನಿಯಮಪಾಲನೆಯೂ

ಆಟಗಳಲ್ಲಿ ಎರಡು ಬಗೆ. ಕೆಲವಕ್ಕೆ ಮೈಯೊಂದಿದ್ದರೆ ಸಾಕು. ಕಬಡ್ಡಿ, ಖೋಖೋ, ಓಟ ಇವು ಆ ಗುಂಪಿಗೆ ಸೇರಿದವು. ಇನ್ನು ಕೆಲವಕ್ಕೆ ಸಲಕರಣೆ ಬೇಕು. ಸಲಕರಣೆ ಬಂದಲ್ಲಿ ಅಳತೆಯ ಪ್ರಶ್ನೆ ಬರುತ್ತದೆ; ಅಳತೆ ಬಂದಲ್ಲಿ ಅದನ್ನು ತಪ್ಪಿಸುವ ಉಪಾಯವೂ ಹಿಂದೆಯೇ ಬರುತ್ತದೆ. ನಮ್ಮ ಕಾಲೇಜಿನ ಟೇಬಲ್ ಟೆನ್ನಿಸ್ ಮೇಜಿನ ಸುತ್ತ ಸಂಜೆಯ ಹೊತ್ತು ಕಳೆಯುವ ಮಿತ್ರರಲ್ಲಿ ಹಲವರು ಬ್ಯಾಟೆಂದರೆ ಒಂದು ಮರದ ಹಲಗೆ, ಎರಡು ರಬ್ಬರಿನ ಹಾಳೆ ಎಂದಷ್ಟೇ ತಿಳಿದಿದ್ದಾರೆ. ಅದರ ಬಗ್ಗೆ ಜಗತ್ತಿನಲ್ಲಿ ಎಪ್ಪತ್ತು ವರ್ಷಗಳಿಂದ ವಾದವಿವಾದಗಳು ನಡೆದುಬಂದಿವೆ ಎಂದರೆ ಅವರಿಗೆ ಆಶ್ಚರ್ಯವಾದೀತು. ನಾನು ಓದಿ ತಿಳಿದದ್ದನ್ನೂ ಆಡಿ ಕಂಡದ್ದನ್ನೂ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಬ್ಯಾಟಿನ ಚರಿತ್ರೆ

ಟೇಬಲ್ ಟೆನ್ನಿಸಿನ ಅಂತರರಾಷ್ಟ್ರೀಯ ಒಕ್ಕೂಟವು ಸ್ಥಾಪನೆಯಾದದ್ದು 1926ರಲ್ಲಿ. ಅದನ್ನು ಹುಟ್ಟುಹಾಕಿದ ದೇಶಗಳಲ್ಲಿ ಭಾರತವೂ ಒಂದೆಂಬುದು ನಮಗೆ ಹೆಮ್ಮೆಯ ಸಂಗತಿ. ಆ ಮೊದಲ ದಿನಗಳಲ್ಲಿ ನಿಯಮಗಳು ಮೇಜು, ಬಲೆ, ಚೆಂಡುಗಳನ್ನು ಕುರಿತು ಹೇಳುತ್ತಿದ್ದವು. ಬ್ಯಾಟು ಹೇಗಿರಬೇಕೆಂಬುದನ್ನು ಆಟಗಾರನಿಗೇ ಬಿಟ್ಟಿದ್ದವು. ಬಹುಮಂದಿ ಚಿಕ್ಕ ಚಿಕ್ಕ ಉಬ್ಬುಗಳಿದ್ದ ಪಿಂಪಲ್ ರಬ್ಬರನ್ನು ಮರಕ್ಕೆ ಅಂಟಿಸಿಕೊಂಡು ಆಡುತ್ತಿದ್ದರು. ಚೆಂಡು ತಗುಲಿದಾಗ ‘ಟಕ್’ ಎಂದು ಸದ್ದಾಗುತ್ತಿತ್ತು. ಆ ಸದ್ದಿನಿಂದಲೇ ಎದುರಾಳಿ ಹೊಡೆತದ ಬಲವನ್ನು ಊಹಿಸುತ್ತಿದ್ದನು.

1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ಮುಂಬಯಿಯಲ್ಲಿ ನಡೆದವು. ಏಷ್ಯಾ ಖಂಡದಲ್ಲಿ ನಡೆದ ಮೊದಲ ವಿಶ್ವ ಪಂದ್ಯಗಳು ಅವು. ಅಲ್ಲಿಗೆ ಜಪಾನಿನಿಂದ ಹಿರೋಜಿ ಸಾಟೋ ಎಂಬ ಆಟಗಾರನು ದಪ್ಪ ಸ್ಪಂಜು ಹೊದಿಸಿದ ಬ್ಯಾಟನ್ನು ತಂದನು. ಆ ಬ್ಯಾಟಿಗೆ ಸದ್ದೇ ಇರಲಿಲ್ಲ. ಚೆಂಡು ಸ್ಪಂಜಿನೊಳಗೆ ಒಂದು ಕ್ಷಣ ಅಡಗಿ, ಎಣಿಸದ ವೇಗದಲ್ಲಿ ಹೊರಬೀಳುತ್ತಿತ್ತು. ಯೂರೋಪಿನ ಹೆಸರಾಂತ ಆಟಗಾರರು ತಬ್ಬಿಬ್ಬಾದರು. ಸಾಟೋ ವಿಶ್ವ ಪ್ರಶಸ್ತಿಯನ್ನು ಗೆದ್ದನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಾಟೋ ಮಾಡಿದ್ದು ಮೋಸವಲ್ಲ. ಸ್ಪಂಜನ್ನು ನಿಷೇಧಿಸುವ ನಿಯಮವೇ ಆಗ ಇರಲಿಲ್ಲ. ತನ್ನ ಬ್ಯಾಟನ್ನು ಅವನು ಮುಚ್ಚಿಡಲೂ ಇಲ್ಲ. ಹೊಸ ಉಪಾಯಕ್ಕೂ ವಂಚನೆಗೂ ಇರುವ ಗಡಿಯನ್ನು ನಿಯಮವು ಎಳೆಯುತ್ತದೆ. ಆ ಗಡಿಯನ್ನು 1959ರಲ್ಲಿ ಎಳೆದರು. ಪಿಂಪಲ್ ರಬ್ಬರು ಮಾತ್ರವಾದರೆ ಅಂಟೂ ಸೇರಿ 2 ಮಿಲಿಮೀಟರ್, ಸ್ಪಂಜಿನ ಮೇಲೆ ರಬ್ಬರಾದರೆ ಅಂಟೂ ಸೇರಿ 4 ಮಿಲಿಮೀಟರ್. ಇದಕ್ಕಿಂತ ದಪ್ಪ ಕೂಡದು. ಬರಿಯ ಸ್ಪಂಜು ಹೊರಟೇಹೋಯಿತು. ಹಲಗೆಯ ದಪ್ಪದಲ್ಲಿ ನೂರಕ್ಕೆ 85 ಭಾಗವಾದರೂ ಸಹಜವಾದ ಮರವಾಗಿರಬೇಕೆಂಬುದು ಇಂದಿನ ಇನ್ನೊಂದು ನಿಯಮ.

ಆಮೇಲೆ ಬಂದದ್ದು ಬಣ್ಣದ ಪ್ರಶ್ನೆ. ಬ್ಯಾಟಿನ ಒಂದು ಮಗ್ಗುಲಿಗೆ ಸುತ್ತು ಕೊಡುವ ರಬ್ಬರು, ಇನ್ನೊಂದು ಮಗ್ಗುಲಿಗೆ ಸುತ್ತನ್ನು ಕೊಲ್ಲುವ ರಬ್ಬರು, ಎರಡಕ್ಕೂ ಒಂದೇ ಬಣ್ಣ. ಆಡುತ್ತ ಆಡುತ್ತಲೇ ಕೈಯಲ್ಲಿ ಬ್ಯಾಟನ್ನು ತಿರುಗಿಸಿಬಿಟ್ಟರೆ ಯಾವ ಮಗ್ಗುಲಿನಿಂದ ಚೆಂಡು ಬಂದಿತೆಂದು ಎದುರಾಳಿಗೆ ತಿಳಿಯುವ ಬಗೆಯೇ ಇರುತ್ತಿರಲಿಲ್ಲ. ಆದ್ದರಿಂದ 1986ರಲ್ಲಿ ಒಂದು ಮಗ್ಗುಲು ಕಪ್ಪು, ಇನ್ನೊಂದು ಕೆಂಪು ಎಂದು ವಿಧಿಸಿದರು. 2021ರಿಂದ ಕೆಂಪಿನ ಸ್ಥಾನದಲ್ಲಿ ನೀಲಿ, ಹಸಿರು ಮೊದಲಾದ ಕೆಲವು ಬಣ್ಣಗಳಿಗೂ ಅವಕಾಶವಾಗಿದೆ. ಕಪ್ಪು ಮಾತ್ರ ಒಂದು ಮಗ್ಗುಲಿಗೆ ಇರಲೇಬೇಕು.

ಅಂಟು ಮತ್ತು ಎಣ್ಣೆ

1970ರ ದಶಕದಲ್ಲಿ ಯೂರೋಪಿನ ಆಟಗಾರರು ಒಂದು ವಿಷಯವನ್ನು ಕಂಡುಕೊಂಡರು. ಸೈಕಲ್ ಟ್ಯೂಬಿನ ಪಂಕ್ಚರಿಗೆ ಹಾಕುವಂಥ ಅಂಟನ್ನು ರಬ್ಬರಿಗೆ ಬಳಿದು ಆಗತಾನೆ ಅಂಟಿಸಿದರೆ ಚೆಂಡು ಬಹಳ ವೇಗವಾಗಿ ಚಿಮ್ಮುತ್ತದೆ. ಕಾರಣ ಸರಳವಾದದ್ದು. ಅಂಟಿನಲ್ಲಿರುವ ದ್ರಾವಕವು ಆವಿಯಾಗುತ್ತ ಸ್ಪಂಜಿನ ಸಣ್ಣ ಸಣ್ಣ ಗೂಡುಗಳನ್ನು ಹೊಕ್ಕು ಅದನ್ನು ಉಬ್ಬಿಸುತ್ತದೆ. ಹಲಗೆಗೆ ಅಂಟಿಕೊಂಡ ಸ್ಪಂಜು ಅಗಲಕ್ಕೆ ಹಿಗ್ಗಲಾರದೆ ಬಿಗಿದ ಮದ್ದಳೆಯ ಚರ್ಮದಂತೆ ನಿಲ್ಲುತ್ತದೆ. ಆ ಬಿಗಿತವೇ ವೇಗಕ್ಕೂ ಸುತ್ತಿಗೂ ಮೂಲ. ಇದಕ್ಕೆ ‘ಸ್ಪೀಡ್ ಗ್ಲೂ’ ಎಂದು ಹೆಸರಾಯಿತು. ಮುಚ್ಚಿದ ಕೋಣೆಯಲ್ಲಿ ಆ ಆವಿಯನ್ನು ಉಸಿರಾಡುವುದು ಆರೋಗ್ಯಕ್ಕೆ ಹಾನಿಯೆಂಬುದು ಸ್ಪಷ್ಟವಾದ ಮೇಲೆ, 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿದೊಡನೆ, ಸೆಪ್ಟೆಂಬರ್ 1ರಿಂದ ಅದನ್ನು ನಿಲ್ಲಿಸಲಾಯಿತು. ಈಗ ನೀರಿನಿಂದ ತಯಾರಾದ ಅಂಟನ್ನು ಬಳಸುತ್ತಾರೆ. ರಬ್ಬರಿನ ಹೊದಿಕೆಗೆ ಭೌತಿಕ, ರಾಸಾಯನಿಕ ಅಥವಾ ಇನ್ನಾವುದೇ ಸಂಸ್ಕಾರ ಮಾಡದೆ ಬಳಸಬೇಕೆಂಬುದು ನಿಯಮದ ತಾತ್ಪರ್ಯ.

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ಇಲ್ಲಿ ನಿಜವಾಯಿತು. ಅಂಟು ಹೋದೊಡನೆ ಎಣ್ಣೆ ಬಂದಿತು. ‘ಬೂಸ್ಟರ್’ ಎಂದು ಕರೆಯುವ ಈ ಎಣ್ಣೆಯನ್ನು ಸ್ಪಂಜಿಗೆ ಬಳಿದು ಒಣಗಿಸಿದರೆ ಅದೇ ಉಬ್ಬು, ಅದೇ ಬಿಗಿತ ದೊರೆಯುತ್ತದೆ. ಆವಿಯನ್ನು ಪತ್ತೆಹಚ್ಚುವ ಯಂತ್ರಕ್ಕೆ ಇದು ಸುಲಭವಾಗಿ ಸಿಕ್ಕುವುದಿಲ್ಲ, ಏಕೆಂದರೆ ಎಣ್ಣೆ ಬೇಗ ಆವಿಯಾಗುವುದಿಲ್ಲ. ದಪ್ಪ ಹೆಚ್ಚಿದರೆ ಅಳತೆಯಲ್ಲಿ ಸಿಕ್ಕಬೇಕಲ್ಲವೇ ಎಂದರೆ, ಮೊದಲೇ ಸ್ವಲ್ಪ ತೆಳುವಾದ ಸ್ಪಂಜನ್ನು ಆರಿಸಿಕೊಂಡು ಉಬ್ಬಿಸುತ್ತಾರೆ. ಜಪಾನಿನ ಅಗ್ರ ಆಟಗಾರ ಜುನ್ ಮಿಜುತಾನಿ 2012ರಲ್ಲಿ, ಲಂಡನ್ ಒಲಿಂಪಿಕ್ಸ್ ಆದ ಮೇಲೆ, ಈ ಎಣ್ಣೆಯ ಬಳಕೆಯನ್ನು ವಿರೋಧಿಸಿ ಕೆಲಕಾಲ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಉಳಿದನು. ಸೋತವನ ಗೊಣಗಾಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮುಂದೆ 2016ರ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮಿಶ್ರ ಜೋಡಿಯ ಚಿನ್ನವನ್ನೂ ಗೆದ್ದವನು ಅವನು.

ಮುದ್ರೆಯೊತ್ತಿದ ತೂಕದ ಬಟ್ಟು

ಇಲ್ಲಿ ಒಬ್ಬ ಮಿತ್ರನು ನನ್ನನ್ನು ಕೇಳಿದ ಪ್ರಶ್ನೆ ವಿಚಾರಾರ್ಹವಾದದ್ದು. “ಕಾರ್ಖಾನೆಯವರೂ ಸ್ಪಂಜನ್ನು ಬಿಗಿಗೊಳಿಸಿಯೇ ಮಾರುತ್ತಾರೆ. ಅವರು ಮಾಡಿದರೆ ಸರಿ, ನಾನು ನನ್ನ ಕೋಣೆಯಲ್ಲಿ ಮಾಡಿದರೆ ತಪ್ಪು. ಇದಾವ ನ್ಯಾಯ?” ಎಂದು ಅವನು ಕೇಳಿದನು.

ಉತ್ತರ ನಮ್ಮ ತುಮಕೂರಿನ ಹುಣಿಸೆಯ ಮಂಡಿಯಲ್ಲೂ ಗುಬ್ಬಿಯ ಅಡಿಕೆ ವ್ಯಾಪಾರದಲ್ಲೂ ಇದೆ. ಅಂಗಡಿಯ ತೂಕದ ಬಟ್ಟಿಗೆ ಸರ್ಕಾರದವರು ಪರೀಕ್ಷೆ ಮಾಡಿ ಮುದ್ರೆಯೊತ್ತುತ್ತಾರೆ. ಆ ಮುದ್ರೆಯನ್ನು ನಂಬಿ ರೈತನು ಮಾಲನ್ನು ತಕ್ಕಡಿಗೆ ಹಾಕುತ್ತಾನೆ. ಮುದ್ರೆ ಬಿದ್ದ ಮೇಲೆ ಒಬ್ಬನು ಬಟ್ಟಿನ ತಳವನ್ನು ಕೊರೆದು ಹಗುರಮಾಡಿದರೆ ಮುದ್ರೆ ಹಾಗೆಯೇ ಉಳಿಯುತ್ತದೆ, ಒಳಗಿನ ಸತ್ಯ ಹೋಗುತ್ತದೆ. ರಬ್ಬರಿನ ಮಾತೂ ಇದೇ. ಒಪ್ಪಿಗೆ ಪಡೆದ ರಬ್ಬರಿನ ಮೇಲೆ ಒಕ್ಕೂಟದ ಮುದ್ರೆಯೂ ತಯಾರಕರ ಹೆಸರೂ ಇರುತ್ತವೆ. ಹಣವಿದ್ದವರು ಯಾರು ಬೇಕಾದರೂ ಅದೇ ರಬ್ಬರನ್ನು ಕೊಳ್ಳಬಹುದು. ಅದರ ಗುಣ ಎದುರಾಳಿಗೂ ಗೊತ್ತಿರುತ್ತದೆ. ಎಣ್ಣೆ ಬಳಿದ ರಬ್ಬರು ಹೊರಗೆ ಒಂದು ಹೆಸರು ಹೊತ್ತು ಒಳಗೆ ಬೇರೊಂದಾಗಿರುತ್ತದೆ. ಗುಬ್ಬಿ ವೀರಣ್ಣನವರ ಕಂಪನಿಯ ನಟರು ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದಾಗ ಯಾರೂ ಮೋಸಹೋಗಲಿಲ್ಲ, ಅದು ಬಣ್ಣವೆಂದು ನೋಡುವವರಿಗೆಲ್ಲ ತಿಳಿದಿತ್ತು. ಬ್ಯಾಟಿನ ಎಣ್ಣೆಯನ್ನು ತಿಳಿದವನು ಹಚ್ಚಿದವನೊಬ್ಬನೇ.

ಹಣದ ಮಾತೂ ಉಂಟು. ಒಳ್ಳೆಯ ರಬ್ಬರಿನ ಒಂದು ಹಾಳೆಗೇ ಸಾವಿರಾರು ರೂಪಾಯಿ. ಅದರ ಮೇಲೆ ಎಣ್ಣೆಯ ಖರ್ಚು. ಬಳಿದ ಎಣ್ಣೆಯ ಗುಣ ಕೆಲವು ವಾರಗಳಲ್ಲಿ ಇಳಿದು, ಮತ್ತೆ ಬಳಿಯಬೇಕು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಂದು ಕಾಲೇಜಿನ ಬ್ಯಾಟಿನಲ್ಲೇ ಆಡುವ ವಿದ್ಯಾರ್ಥಿಗೆ ಈ ಸ್ಪರ್ಧೆಯಲ್ಲಿ ಸ್ಥಳವೆಲ್ಲಿ?

ಪರೀಕ್ಷೆಯ ಬಗೆ

ಕುಣಿಗಲ್ಲಿನ ಕುದುರೆ ಫಾರಂ ನಮ್ಮ ಜಿಲ್ಲೆಗೆ ಹೆಸರು ತಂದ ಸ್ಥಳ. ಜೂಜಿನ ಕುದುರೆಗಳ ಲೋಕದಲ್ಲಿ ಒಂದು ಕಟ್ಟಳೆಯಿದೆ. ಸವಾರನನ್ನು ಜೀನಿನ ಸಮೇತ ಓಟಕ್ಕೆ ಮೊದಲೂ ತೂಗುತ್ತಾರೆ, ಓಟ ಮುಗಿದ ಮೇಲೂ ತೂಗುತ್ತಾರೆ. ನಡುವೆ ತೂಕ ಕಳಚಿಹಾಕಿದವನು ಗೆದ್ದರೂ ಗೆದ್ದಂತಲ್ಲ. ಟೇಬಲ್ ಟೆನ್ನಿಸಿನ ದೊಡ್ಡ ಪಂದ್ಯಗಳಲ್ಲಿಯೂ ಇದೇ ಕ್ರಮ. ಬ್ಯಾಟು ಪರೀಕ್ಷಿಸುವ ಪ್ರತ್ಯೇಕ ಕೋಣೆಯಿರುತ್ತದೆ. ರಬ್ಬರಿನ ದಪ್ಪ, ಮಟ್ಟ, ಆವಿ ಇವನ್ನು ಉಪಕರಣಗಳಿಂದ ನೋಡುತ್ತಾರೆ. ಪಂದ್ಯಕ್ಕೆ ಮೊದಲು ಬ್ಯಾಟು ಅನುತ್ತೀರ್ಣವಾದರೆ ಅದನ್ನು ಬಿಟ್ಟು ಇನ್ನೊಂದರಲ್ಲಿ ಆಡಬಹುದು. ಪಂದ್ಯದ ನಂತರ ಅನುತ್ತೀರ್ಣವಾದರೆ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆ. ಹೊಸ ರಬ್ಬರನ್ನು ಪೊಟ್ಟಣದಿಂದ ತೆಗೆದು ಗಾಳಿಗಿಟ್ಟು ಬಳಸಬೇಕೆಂಬ ಸೂಚನೆಯೂ ಇದೆ. ಕಾರ್ಖಾನೆಯ ಆವಿ ಉಳಿದಿದ್ದರೂ ಹೊಣೆ ಆಟಗಾರನದೇ.

ಯಂತ್ರಗಳಿಲ್ಲದ ಕಡೆಯೂ ಕೆಲವು ನಿಯಮಗಳು ಕಾವಲು ಕಾಯುತ್ತವೆ. ಆಟಕ್ಕೆ ಮೊದಲು ಬ್ಯಾಟನ್ನು ಎದುರಾಳಿಗೂ ಅಂಪೈರಿಗೂ ತೋರಿಸಬೇಕು. ಅಕಸ್ಮಾತ್ತಾಗಿ ಆಡಲಾಗದಷ್ಟು ಕೆಟ್ಟ ಹೊರತು ಪಂದ್ಯದ ನಡುವೆ ಬದಲಿಸಬಾರದು. ಬಿಡುವಿನ ವೇಳೆಯಲ್ಲಿ ಬ್ಯಾಟನ್ನು ಮೇಜಿನ ಮೇಲೆಯೇ ಬಿಟ್ಟುಹೋಗಬೇಕು. ಸರ್ವೀಸಿನ ವೇಳೆ ಚೆಂಡು ತೆರೆದ ಅಂಗೈಯಲ್ಲಿದ್ದು 16 ಸೆಂಟಿಮೀಟರ್ ಆದರೂ ನೇರವಾಗಿ ಮೇಲೇರಬೇಕು. ಎರಡನೆಯ ಮಹಾಯುದ್ಧಕ್ಕೆ ಮೊದಲು ಅಮೆರಿಕದ ಕೆಲವರು ಚೆಂಡನ್ನು ಬೆರಳಲ್ಲಿ ಹೊಸೆದು ಸರ್ವ್ ಮಾಡಿ ಆಟವನ್ನು ಕೆಡಿಸಿದ್ದರಿಂದ ತೆರೆದ ಅಂಗೈಗೆ ಇಷ್ಟು ಮಹತ್ವ ಬಂದಿತು.

ನಮ್ಮ ಪಂದ್ಯಗಳ ಸ್ಥಿತಿ

ಕೆಲವು ಕಾಲೇಜುಗಳವರು ಸೇರಿ ಆಡಿದ ಒಂದು ಪಂದ್ಯಾವಳಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಗುಬ್ಬಿಯ ಕಡೆಯಿಂದ ರೈಲಿನಲ್ಲಿ ಬಂದ ಹುಡುಗನೊಬ್ಬನು, ಅಂಚು ಕಿತ್ತುಹೋದ ರಬ್ಬರಿನ ಹಳೆಯ ಬ್ಯಾಟಿನಿಂದ, ಬೆಲೆಬಾಳುವ ಬ್ಯಾಟು ಹಿಡಿದ ಮೂವರನ್ನು ಒಬ್ಬರಾದ ಮೇಲೊಬ್ಬರಂತೆ ಸೋಲಿಸಿದನು. ಕೂಡಲೇ ಪಿಸುಮಾತು ಹುಟ್ಟಿತು: “ಅವನ ರಬ್ಬರು ನಡುವೆ ಉಬ್ಬಿದೆ ನೋಡು, ಎಣ್ಣೆ ಹಾಕಿದಾನೆ.” ಯಾರೂ ಎದುರಿಗೆ ಹೇಳಲಿಲ್ಲ. ಹುಡುಗನಿಗೆ ಮಾತು ತಿಳಿದು ಮುಖ ಬಾಡಿತು. ಮುಂದಿನ ಪಂದ್ಯದ ಮೊದಲ ಗೇಮಿನಲ್ಲಿ ಅವನ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ಕೊನೆಗೆ ಅವನಿಗೆ ಸೋತಿದ್ದ ಕುಣಿಗಲ್ಲಿನ ಹುಡುಗನೇ ಎದ್ದು, “ಸಾರ್, ಅಳೆದುಬಿಡಿ, ಮಾತು ಮುಗಿಯಲಿ” ಎಂದನು. ದೈಹಿಕ ಶಿಕ್ಷಣದ ಅಧ್ಯಾಪಕರು ಉಕ್ಕಿನ ಸ್ಕೇಲನ್ನು ರಬ್ಬರಿನ ಮೇಲೆ ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿದರು, ಉಬ್ಬಿರಲಿಲ್ಲ. ಪ್ರಯೋಗಶಾಲೆಯ ವರ್ನಿಯರ್ ತರಿಸಿ, ಅದರ ಆಳ ಅಳೆಯುವ ಕಡ್ಡಿಯಿಂದ ಹಿಡಿಯ ಹತ್ತಿರ ಅಳೆದರು. 4 ಮಿಲಿಮೀಟರಿಗೆ ಒಳಗೇ ಇತ್ತು. ಕುಣಿಗಲ್ಲಿನವನು ಹೋಗಿ ಅವನ ಕೈ ಕುಲುಕಿದನು.

ಆ ದಿನ ಬೆಲೆಬಾಳುವ ಬ್ಯಾಟುಗಳನ್ನು ಮಾತ್ರ ಯಾರೂ ಅಳೆಯಲಿಲ್ಲ. ಗೆದ್ದ ಬಡ ಹುಡುಗನ ಮೇಲೆ ಸಂಶಯ ಬಂದಿತು. ಹೊಳೆಯುವ ಬ್ಯಾಟುಗಳ ಮೇಲೆ ಬರಲಿಲ್ಲ. ಪರೀಕ್ಷೆಯಿಂದ ಮೋಸಗಾರನು ಸಿಕ್ಕಿಬೀಳುತ್ತಾನೆಂಬುದು ಅರ್ಧ ಮಾತು. ನಿರಪರಾಧಿಯ ಹೆಸರು ಉಳಿಯುತ್ತದೆಂಬುದು ಉಳಿದರ್ಧ. ಆದರೆ ಸಂಶಯ ಬಂದವನನ್ನು ಮಾತ್ರ ಪರೀಕ್ಷಿಸಿದರೆ ಪರೀಕ್ಷೆಯೇ ಒಂದು ಅಪವಾದವಾಗುತ್ತದೆ. ಎಲ್ಲರ ಬ್ಯಾಟನ್ನೂ ಅಳೆದರೆ ಯಾರಿಗೂ ಅವಮಾನವಿಲ್ಲ.

ಆದ್ದರಿಂದ ನಮ್ಮ ಜಿಲ್ಲೆಯ ಕಾಲೇಜುಗಳ ಪಂದ್ಯಗಳಿಗೆ ನನ್ನ ಸಲಹೆಗಳು ಇವು. ಪಂದ್ಯಾವಳಿಯ ಬೆಳಿಗ್ಗೆ ಎಲ್ಲ ಬ್ಯಾಟುಗಳನ್ನೂ ಒಂದೇ ಮೇಜಿನ ಮೇಲಿಟ್ಟು ಸ್ಕೇಲು, ವರ್ನಿಯರುಗಳಿಂದ ನೋಡಿ ಪುಸ್ತಕದಲ್ಲಿ ಬರೆಯಬೇಕು. ಬಣ್ಣವನ್ನೂ ರಬ್ಬರಿನ ಮುದ್ರೆಯನ್ನೂ ಪರಿಶೀಲಿಸಬೇಕು. ಅಳತೆ ಮೀರಿದ ಬ್ಯಾಟಿನವನಿಗೆ ಗದರಿಕೆ ಬೇಡ, ಬೇರೆ ಬ್ಯಾಟು ಕೊಡಬೇಕು; ಇದಕ್ಕಾಗಿ ಪ್ರತಿಯೊಂದು ಕಾಲೇಜೂ ನಿಯಮಬದ್ಧವಾದ ಎರಡು ಬ್ಯಾಟುಗಳನ್ನು ಇಟ್ಟಿರಬೇಕು. ಪಂದ್ಯ ಮುಗಿದ ಮೇಲೆ ಗೆದ್ದವರ ಬ್ಯಾಟನ್ನು ಮತ್ತೊಮ್ಮೆ ನೋಡಬೇಕು. ಆಕ್ಷೇಪವಿದ್ದವರು ರೆಫರಿಯ ಮುಂದೆ ಹೇಳಬೇಕು, ಗೋಡೆಯ ಮರೆಯಲ್ಲಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಡೊಂಕೋ ಅಲ್ಲವೋ ಎಂದು ಅಳೆದು ತೋರಿಸಿದರೆ ಆ ನೆಪವೂ ತಪ್ಪುತ್ತದೆ.

ನಮ್ಮ ನಾಡಿನಲ್ಲಿ ಈ ಆಟಕ್ಕೆ ಹಿರಿಯ ಪರಂಪರೆಯಿದೆ. ಬೆಂಗಳೂರಿನ ಉಷಾ ಸುಂದರರಾಜ್ 1966ರ ಅರ್ಜುನ ಪ್ರಶಸ್ತಿಯನ್ನು ಪಡೆದರು. ಬೆಂಗಳೂರಿನವರೇ ಆದ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಭಾರತದ ಮಹಿಳಾ ತಂಡದಲ್ಲಿ ಆಡಿದರು. ತುಮಕೂರು ಜಿಲ್ಲೆಯಿಂದಲೂ ಅಂಥವರು ಬರಬೇಕಾದರೆ ಹಳ್ಳಿಯ ಹುಡುಗನಿಗೂ ಹುಡುಗಿಗೂ ಮೇಜಿನ ಎರಡು ಕಡೆಯೂ ನ್ಯಾಯ ಒಂದೇ ಎಂಬ ನಂಬಿಕೆ ಹುಟ್ಟಬೇಕು.

ಸ್ಕೇಲೂ ವರ್ನಿಯರೂ ಎಲ್ಲವನ್ನೂ ಹಿಡಿಯಲಾರವು. ಅಳತೆಯೊಳಗೇ ಉಳಿದ ಎಣ್ಣೆ ಅವಕ್ಕೆ ಕಾಣಿಸುವುದಿಲ್ಲ. ಅಲ್ಲಿ ಉಳಿಯುವುದು ಆಟಗಾರನ ಮನಸ್ಸು. ಟೇಬಲ್ ಟೆನ್ನಿಸಿನಲ್ಲಿ ಒಂದು ಒಳ್ಳೆಯ ರೂಢಿಯಿದೆ. ಚೆಂಡು ಮೇಜಿನ ಅಂಚನ್ನು ಸವರಿಹೋದದ್ದು ಅಂಪೈರಿಗೆ ಕಾಣದಿದ್ದಾಗ, ಕಂಡ ಆಟಗಾರನು ತಾನೇ ಕೈಯೆತ್ತಿ “ತಗುಲಿತು” ಎಂದು ಎದುರಾಳಿಗೆ ಅಂಕವನ್ನು ಬಿಟ್ಟುಕೊಡುತ್ತಾನೆ. ಕೂದಲೆಳೆಯಷ್ಟು ಅಂಚಿಗೆ ಕೈಯೆತ್ತುವವರು ತಮ್ಮ ಬ್ಯಾಟಿನ ವಿಷಯದಲ್ಲಿಯೂ ಅಷ್ಟೇ ನೇರವಾಗಿರಲೆಂದು ಕೇಳುವುದು ಹೆಚ್ಚಿನದೇನೂ ಅಲ್ಲ.