ಹುಳು ಸಾಕುವ ಮನೆಗೆ ಬೇಕಾದದ್ದು

ಕಾಮಗೆರೆ, ಹನೂರು ಕಡೆಯ ರೇಷ್ಮೆ ಬೆಳೆಗಾರರು ನೂರು ಮೊಟ್ಟೆ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಎಂದರ್ಥ. ಒಂದು ಚಿಟ್ಟೆ ಸುಮಾರು 400ರಿಂದ 500 ಮೊಟ್ಟೆ ಇಡುವುದರಿಂದ ಮನೆಗೆ ಬರುವ ಹುಳುಗಳ ಸಂಖ್ಯೆ 40,000 ದಾಟುತ್ತದೆ. ಹಿಂದೆ ರೈತ ಮೊಟ್ಟೆ ತಂದು, ಮನೆಯಲ್ಲೇ ಚಾಕಿ ಕಟ್ಟುತ್ತಿದ್ದ, ಅಂದರೆ ಎಳೆಹುಳುವನ್ನು ತಾನೇ ಸಾಕುತ್ತಿದ್ದ. ಬೆಳೆ ಕೈಕೊಡುವುದಕ್ಕೆ ಬೀಜ ಬೀಳುತ್ತಿದ್ದದ್ದು ಎಷ್ಟೋ ಸಲ ಆ ಮೊದಲ ವಾರದಲ್ಲೇ.

ಎಳೆಹುಳುವಿಗೆ 27–28 ಡಿಗ್ರಿ ಶಾಖ, ಶೇ 80ಕ್ಕೂ ಮೀರಿದ ತೇವ, ತುದಿಯ ಎಳೆಸೊಪ್ಪು ಬೇಕು. ಅಡುಗೆ ಮನೆ ಪಕ್ಕದ ಕೋಣೆಯಲ್ಲಿ ಇದನ್ನೆಲ್ಲ ಹಗಲೂ ರಾತ್ರಿ ಒಂದೇ ಹದಕ್ಕೆ ಇಡುವುದು ಕಷ್ಟ. ಹಾಲುತೊಂಡೆಯಂಥ ರೋಗ ಆಗ ಸೇರಿಕೊಂಡರೂ ಕಣ್ಣಿಗೆ ಬೀಳುವುದು ಹುಳು ದೊಡ್ಡದಾಗಿ, ತೋಟದ ಸೊಪ್ಪೆಲ್ಲ ತಿಂದು ಮುಗಿಸುವ ಹೊತ್ತಿಗೆ. ಆದ್ದರಿಂದಲೇ ಚಾಕಿ ಕೇಂದ್ರಗಳು ನೆಲೆಯೂರಿದವು. ಅವು ಎರಡು ಜ್ವರದವರೆಗೆ, ಅಂದರೆ ಹುಳು ಎರಡು ಸಲ ಪೊರೆ ಕಳಚುವವರೆಗೆ, ಸಾಕಿ ಕೊಡುತ್ತವೆ. ರೈತ ಕೊಡುವ ಹೆಚ್ಚಿನ ದುಡ್ಡಿಗೆ ಸಿಗುವುದು ಆ ಒಂದು ವಾರದ ನೆಮ್ಮದಿ.

ಈ ವ್ಯವಹಾರವನ್ನು ಹತ್ತಿರದಿಂದ ನೋಡುತ್ತ ನಾನು ಕಲಿತ ಮೊದಲ ಪಾಠ, ದರ ಕಡಿಮೆ ಮಾಡಿದ ಮಾತ್ರಕ್ಕೆ ಗಿರಾಕಿ ಉಳಿಯುವುದಿಲ್ಲ ಎಂಬುದು. “ಹುಳ ಯಾವತ್ತು ಕೊಡ್ತೀರಣ್ಣ?” ಇದೇ ರೈತನ ಮೊದಲ ಪ್ರಶ್ನೆ. ಅವನು ಕಡ್ಡಿ ಕತ್ತರಿಸಿ ಎರಡು ತಿಂಗಳು ಕಾದು ತೋಟ ಬೆಳೆಸಿರುತ್ತಾನೆ, ಬ್ಲೀಚಿಂಗ್ ಪೌಡರ್ ಹೊಡೆದು ಮನೆ ಸಜ್ಜು ಮಾಡಿರುತ್ತಾನೆ. ಹುಳು ವಾರ ತಡವಾದರೆ ಸೊಪ್ಪು ಬಲಿಯುತ್ತದೆ, ಬೇಗ ಬಂದರೆ ಸಾಲದು. ಐದನೇ ಹಂತದ ಹುಳುವೇ ಒಟ್ಟು ಸೊಪ್ಪಿನ ಶೇ 80ಕ್ಕಿಂತ ಹೆಚ್ಚನ್ನು ತಿನ್ನುವುದರಿಂದ ಲೆಕ್ಕ ತಪ್ಪಿದ್ದು ಕೊನೆಯಲ್ಲೇ ತಿಳಿಯುತ್ತದೆ.

ಎರಡನೆಯ ಪಾಠ ಇನ್ನೂ ದೊಡ್ಡದು. ದುಡ್ಡು ಎಣಿಸುವವರು ಗಂಡಸರಾದರೂ, ಎಷ್ಟೋ ಮನೆಗಳಲ್ಲಿ ಹೊತ್ತುಹೊತ್ತಿಗೆ ಸೊಪ್ಪು ಹಾಕುವವರು ಹೆಂಗಸರು. ಅವರನ್ನು ವಿಚಾರಿಸಿದರೆ ಬರುವ ಮಾತು ಬೇರೆ: ಹುಳುಗಳೆಲ್ಲ ಒಟ್ಟಿಗೆ ಜ್ವರಕ್ಕೆ ಕೂರಬೇಕು, ಒಟ್ಟಿಗೆ ಏಳಬೇಕು. ಅರ್ಧ ಕೂತು ಅರ್ಧ ತಿನ್ನುತ್ತಿದ್ದರೆ ಸೊಪ್ಪು ಹಾಕಿದರೂ ತಪ್ಪು, ನಿಲ್ಲಿಸಿದರೂ ತಪ್ಪು. ಮೊಟ್ಟೆ ಒಡೆಯುವ ಮುನ್ನ ಕತ್ತಲಲ್ಲಿಟ್ಟು, ಎಲ್ಲವೂ ಒಂದೇ ಬೆಳಗ್ಗೆ ಒಡೆಯುವಂತೆ ಮಾಡುವ ಕೇಂದ್ರದ ಹುಳುವನ್ನು ಅವರು ಬೇಗ ಗುರುತಿಸುತ್ತಾರೆ.

ರೆಂಬೆ ಪದ್ಧತಿ ಹಬ್ಬಿದ್ದಕ್ಕೂ ಸೊಪ್ಪು ಹಾಕುವವರ ಅನುಕೂಲವೇ ಕಾರಣ ಎಂದು ನಾನು ನಂಬುತ್ತೇನೆ. ಹಿಂದೆ ಎಲೆ ಬಿಡಿಸಿ ತಂದು, ತಟ್ಟೆಗಳಲ್ಲಿ ದಿನಕ್ಕೆ ನಾಲ್ಕೈದು ಸಲ ಹಾಕಿ, ಕಸ ತೆಗೆಯಬೇಕಿತ್ತು. ಈಗ ಕಡ್ಡಿಯನ್ನೇ ಕೊಯ್ದು ಅಟ್ಟಣೆಯ ಮೇಲೆ ಎರಡು ಮೂರು ಸಲ ಹರಡಿದರೆ ಸಾಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಹೆಚ್ಚು ಇಳುವರಿಯ ವಿ–1 ತಳಿಯ ಹಿಪ್ಪುನೇರಳೆಯನ್ನೂ ಕೊಟ್ಟಿತು. ಇಳುವರಿಯ ಅಂಕಿ ಪ್ರಚಾರ ಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಮನೆಯೊಳಗೆ ಗೆದ್ದದ್ದು ಕೆಲಸದ ಉಳಿತಾಯ.

ಹುಳು ಗೂಡು ಕಟ್ಟುವ ಚಂದ್ರಿಕೆಯ ಕಥೆಯೂ ಹಾಗೇ. ಬಿದಿರಿನ ಚಂದ್ರಿಕೆ ಬೇಕಾಗುವುದು ಹುಳು ಹಣ್ಣಾದ ಕೆಲವೇ ದಿನ. ಇಡಲು ಜಾಗವಿಲ್ಲದವರು ಬಾಡಿಗೆಗೆ ತರುತ್ತಾರೆ, ಅದರ ಜೊತೆ ಬೇರೆ ಮನೆಯ ರೋಗವೂ ಬರುತ್ತದೆ. ಮಡಚಿ ಅಟ್ಟದ ಮೇಲಿಡಬಹುದಾದ, ತೊಳೆಯಬಹುದಾದ ಪ್ಲಾಸ್ಟಿಕ್ ನೇತ್ರಿಕೆ ಬಂದಾಗ ಬೆಲೆಗಿಂತ ಮೊದಲು ಜನ ನೋಡಿದ್ದು, ಮಡಚಿದರೆ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು. ಹುಳುಮನೆ ಕಟ್ಟಿಸುವಾಗ ಅಟ್ಟಣೆಯ ಎತ್ತರವನ್ನೂ ಸೊಪ್ಪು ಹಾಕುವವರ ಕೈಗೆಟಕುವಂತೆ ಅಳೆಯುವವರು ಈಗಲೂ ಕಡಿಮೆ. ಮೇಲಿನ ಅಂತಸ್ತಿನ ಹುಳು ಹಸಿದುಕೊಂಡೇ ಇರುತ್ತದೆ.