ನಿಂತ ದೋಣಿಯ ಹಳೆಯ ಇಂಧನ: ಮಳೆಗಾಲಕ್ಕೆ ಮುನ್ನ ಪಂಚಾಯಿತಿಯ ಹೊಣೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ಮತ್ತು ಘಟಪ್ರಭಾ ನದಿಗಳು ಉಕ್ಕಿ ಹರಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಗ್ರಾಮಗಳ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ದೊಡ್ಡ ನದಿಯಿಲ್ಲದ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿಯೂ ದೋಣಿ ಮತ್ತು ಟ್ರ್ಯಾಕ್ಟರ್‌ಗಳೇ ಆಸರೆಯಾದವು. ಇಂತಹ ಅಗತ್ಯ ವರ್ಷದಲ್ಲಿ ಕೆಲವೇ ದಿನಗಳು ಒದಗುತ್ತದೆ. ಉಳಿದ ತಿಂಗಳುಗಳಲ್ಲಿ ದೋಣಿ ಗೋದಾಮಿನಲ್ಲಿ ನಿಂತಿರುತ್ತದೆ. ದಾಸ್ತಾನು ವಹಿಯಲ್ಲಿ ದೋಣಿಯೂ ಎಂಜಿನ್ನೂ ನಮೂದಾಗಿದ್ದ ಮಾತ್ರಕ್ಕೆ ಅವು ಸಿದ್ಧವಾಗಿವೆ ಎಂದು ಭಾವಿಸಲಾಗದು. ನೀರು ಏರುತ್ತಿರುವಾಗ ಎಂಜಿನ್ ಚಾಲೂ ಆಗದಿರಲು ಸಾಮಾನ್ಯ ಕಾರಣಗಳಲ್ಲೊಂದು, ಕಳೆದ ವರ್ಷ ತುಂಬಿಸಿ ಹಾಗೆಯೇ ಬಿಟ್ಟ ಇಂಧನ.

ಇಂಧನ ಕೆಡುವ ಬಗೆ

ಪೆಟ್ರೋಲ್ ಮೂರು ವಿಧದಲ್ಲಿ ಕೆಡುತ್ತದೆ. ಮೊದಲನೆಯದಾಗಿ, ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಆವಿಯಾಗಿ ಹೋಗುವುದರಿಂದ ಎಂಜಿನ್ ಚಾಲೂ ಆಗುವುದು ಕಷ್ಟವಾಗುತ್ತದೆ. ಎರಡನೆಯದಾಗಿ, ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಿನಂತಹ ಪದಾರ್ಥ ಉಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಮೂರನೆಯದು ಎಥೆನಾಲ್‌ಗೆ ಸಂಬಂಧಿಸಿದ್ದು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ನೀಡಲಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದೊಡನೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಎಂಜಿನ್ ಇಂಧನವನ್ನು ಎಳೆದುಕೊಳ್ಳುವುದೂ ತಳದಿಂದಲೇ. ಹೀಗಾಗಿ ಟ್ಯಾಂಕಿನ ತುಂಬ ಪೆಟ್ರೋಲ್ ಕಂಡರೂ ಎಂಜಿನ್ನಿಗೆ ದೊರೆಯುವುದು ನೀರು ಬೆರೆತ ದ್ರವ.

ಡೀಸೆಲ್ ಹೆಚ್ಚು ಕಾಲ ಬಾಳುತ್ತದೆಯಾದರೂ ನಿರಪಾಯವಲ್ಲ. ತಳದಲ್ಲಿ ನೀರು ಸೇರಿದರೆ ಆ ನೀರಿಗೂ ಡೀಸೆಲ್‌ಗೂ ನಡುವಣ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಅವುಗಳ ಲೋಳೆ ಫಿಲ್ಟರನ್ನು ಕಟ್ಟಿಸುತ್ತದೆ. ನಮ್ಮ ಕರಾವಳಿಯ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ಆ ಅವಧಿಯನ್ನು ದೋಣಿ, ಎಂಜಿನ್‌ಗಳ ದುರಸ್ತಿಗೆ ಬಳಸಿಕೊಳ್ಳುವುದು ಅಲ್ಲಿಯ ರೂಢಿ. ಮೀನುಗಾರರಿಗೆ ಮರಳಿ ಹೊರಡುವ ದಿನ ಮೊದಲೇ ತಿಳಿದಿರುತ್ತದೆ. ಪ್ರವಾಹಕ್ಕೆ ಅಂತಹ ದಿನಾಂಕವಿಲ್ಲ. ಆದುದರಿಂದ ಪಂಚಾಯಿತಿಯ ಸಿದ್ಧತೆ ಇನ್ನೂ ಮುಂಚಿತವಾಗಿರಬೇಕು.

ಪರೀಕ್ಷೆ

ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಸ್ವಚ್ಛವಾದ ಗಾಜಿನ ಪಾತ್ರೆಗೆ ತೆಗೆದು ಕೆಲಹೊತ್ತು ಅಲುಗಿಸದೆ ಇಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ ಎಂದರ್ಥ. ಹೊಸ ಪೆಟ್ರೋಲಿನೊಡನೆ ಹೋಲಿಸಿದಾಗ ಬಣ್ಣ ಕಪ್ಪಾಗಿದ್ದರೆ ಅಥವಾ ವಾರ್ನಿಷಿನಂತಹ ಹುಳಿವಾಸನೆ ಬಂದರೆ ಅದು ಕೆಟ್ಟಿದೆ. ಇಂಧನ ತಿಳಿಯಾಗಿಯೇ ಕಂಡರೂ ತುಂಬಿಸಿ ಮೂರು ತಿಂಗಳು ಮೀರಿದ್ದರೆ ರಕ್ಷಣಾ ದೋಣಿಗೆ ಬಳಸದಿರುವುದೇ ವಿವೇಕ. ಇಂಧನ ರಕ್ಷಕ ದ್ರಾವಣಗಳು ಹೊಸ ಪೆಟ್ರೋಲ್ ಬೇಗ ಕೆಡದಂತೆ ತಡೆಯಬಲ್ಲವೇ ಹೊರತು ಕೆಟ್ಟುದನ್ನು ಸರಿಪಡಿಸಲಾರವು.

ಹೊರತೆಗೆಯುವಾಗ ವಹಿಸಬೇಕಾದ ಎಚ್ಚರ

ಈ ಕೆಲಸವನ್ನು ತಿಳಿದ ಮೆಕ್ಯಾನಿಕ್‌ನಿಂದ, ಬಯಲಿನಲ್ಲಿಯೇ ಮಾಡಿಸಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿಯೂ ಗೋದಾಮಿನ ತಗ್ಗಿನಲ್ಲಿಯೂ ಶೇಖರವಾಗುತ್ತದೆ. ಒಂದು ಕಿಡಿ ಸಾಕು. ಬಾಯಿಯಿಂದ ಕೊಳವೆ ಎಳೆಯುವುದನ್ನು ಸಂಪೂರ್ಣವಾಗಿ ನಿಷೇಧಿಸಬೇಕು. 1934ರ ಪೆಟ್ರೋಲಿಯಂ ಅಧಿನಿಯಮದಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇಡುವ ಲೋಹದ ಡಬ್ಬವೂ 25 ಲೀಟರ್ ಮೀರದೆ, ಬಿಗಿಯಾದ ಮುಚ್ಚಳ ಹೊಂದಿರಬೇಕು. ನೀರಿನ ಬಾಟಲಿ, ಪ್ಲಾಸ್ಟಿಕ್ ಕ್ಯಾನುಗಳು ಇದಕ್ಕೆ ಸಲ್ಲವು.

ಕೆಟ್ಟ ಇಂಧನವನ್ನು ಚರಂಡಿಗೆ, ಕೆರೆಯ ಅಂಗಳಕ್ಕೆ ಅಥವಾ ಕಸದ ರಾಶಿಗೆ ಸುರಿಯಬಾರದು. ಒಲೆ ಹೊತ್ತಿಸಲು ಯಾರಿಗೂ ಕೊಡಬಾರದು. ನೆಲಕ್ಕೆ ಸುರಿದ ಪೆಟ್ರೋಲ್ ಇಂಗಿ, ಅದೇ ಗ್ರಾಮದ ಕೊಳವೆ ಬಾವಿಯ ನೀರನ್ನು ಕೆಡಿಸಬಹುದು. ಡಬ್ಬದ ಮೇಲೆ ‘ಕೆಟ್ಟ ಇಂಧನ’ ಎಂದು ಬರೆದು ಪ್ರತ್ಯೇಕವಾಗಿರಿಸಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರ ಪತ್ರ ಪಡೆದ ವಿಲೇವಾರಿದಾರರಿಗೆ ಒಪ್ಪಿಸಿ ಸ್ವೀಕೃತಿ ಪಡೆಯತಕ್ಕದ್ದು.

ಕೆಡದಂತೆ ನೋಡಿಕೊಳ್ಳುವುದು

ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದೀತೆಂಬ ಅಂಜಿಕೆಯಿಂದ ಹಳೆಯ ಪೆಟ್ರೋಲನ್ನು ಉಳಿಸಿಕೊಳ್ಳುವುದುಂಟು. ಇಪ್ಪತ್ತು ಲೀಟರಿನ ಬೆಲೆ ಸುಮಾರು ಎರಡು ಸಾವಿರ ರೂಪಾಯಿ. ಅದನ್ನು ಉಳಿಸಲು ಹೋಗಿ ಎಂಜಿನ್ನನ್ನೂ, ದೋಣಿಗಾಗಿ ಕಾದು ನಿಂತ ಕುಟುಂಬವನ್ನೂ ಅಪಾಯಕ್ಕೆ ಒಡ್ಡಲಾಗದು. ಸರಿಯಾದ ಮಾರ್ಗವೆಂದರೆ ಇಂಧನ ಕೆಡುವ ಮೊದಲೇ ಬಳಸುವುದು. ಮಳೆಗಾಲ ಮುಗಿದೊಡನೆ ಟ್ಯಾಂಕಿನಲ್ಲಿ ಉಳಿದ ತಿಳಿ ಪೆಟ್ರೋಲನ್ನು ಪಂಚಾಯಿತಿಯ ಇತರ ಪೆಟ್ರೋಲ್ ಯಂತ್ರಗಳಿಗೆ ಬಳಸಿ, ಅದನ್ನು ವಹಿಯಲ್ಲಿ ನಮೂದಿಸಬಹುದು. ಎರಡು ಸ್ಟ್ರೋಕ್ ಎಂಜಿನ್ನಿಗಾಗಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಮಾತ್ರ ನಾಲ್ಕು ಸ್ಟ್ರೋಕ್ ಎಂಜಿನ್ನಿಗೆ ಹಾಕಕೂಡದು.

ಅನಂತರ ಇಂಧನ ಕೊಳವೆಯನ್ನು ಬೇರ್ಪಡಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ, ಕಾರ್ಬ್ಯುರೇಟರಿನಲ್ಲಿ ಉಳಿದುದನ್ನೂ ಬಸಿಯಬೇಕು. ಔಟ್‌ಬೋರ್ಡ್ ಎಂಜಿನ್ನನ್ನು ತಂಪುಗೊಳಿಸುವ ನೀರಿಲ್ಲದೆ ನಡೆಸಿದರೆ ಅದರ ನೀರಿನ ಪಂಪು ಹಾಳಾಗುತ್ತದೆ. ಆದ್ದರಿಂದ ಕೆಳಭಾಗವನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ನಡೆಸಬೇಕು. ಡೀಸೆಲ್ ಎಂಜಿನ್ನಿನ ಟ್ಯಾಂಕನ್ನಾದರೋ ತುಂಬಿಸಿಡುವುದು ಲೇಸು. ಒಳಗೆ ಗಾಳಿಗೆ ಎಡೆ ಕಡಿಮೆಯಾದಷ್ಟೂ ತೇವ ಕಡಿಮೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ದಾಸ್ತಾನು ವಹಿಯಲ್ಲಿ ಇಂಧನದ ಬಗೆ, ಪ್ರಮಾಣ ಮತ್ತು ತುಂಬಿಸಿದ ದಿನಾಂಕ ನಮೂದಾಗಿರಬೇಕು. ಡಬ್ಬದ ಮೇಲೆಯೂ ದಿನಾಂಕವಿರಬೇಕು.

2. ಮೇ ತಿಂಗಳೊಳಗೆ ಹೊಸ ಇಂಧನ ತುಂಬಿಸಿ ಎಂಜಿನ್ನನ್ನು ನೀರಿನಲ್ಲಿ ನಡೆಸಿ ನೋಡಬೇಕು. ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಇದನ್ನು ಪುನರಾವರ್ತಿಸಬೇಕು.

3. ವಿಲೇವಾರಿ ಮಾಡಿದ ಇಂಧನದ ಪ್ರಮಾಣ ಮತ್ತು ಕಾರಣವನ್ನು ಸಭೆಯ ನಡವಳಿಯಲ್ಲಿ ದಾಖಲಿಸಬೇಕು.

4. ಎಂಜಿನ್ ನಡೆಸಬಲ್ಲ ಇಬ್ಬರ ಹೆಸರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಬಳಿ ಇರಬೇಕು.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರಬಹುದು. ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದೋಣಿ ಇದೆಯೇ ಎಂಬುದಲ್ಲ. ಅದರ ಟ್ಯಾಂಕಿನಲ್ಲಿರುವ ಇಂಧನ ಯಾವ ದಿನಾಂಕದ್ದು ಎಂಬುದು.