ಲೈಟ್ನಿಂಗ್ ಕಾಲಿನ ದರ

ಕಾಪು

ಚಿ॥ ಪುಟ್ಟನಿಗೆ,

ಕಾರ್ಕಳದ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನಿನಗೆ ಸಿಕ್ಕಿತೆಂದು ಅಕ್ಕ ಹೇಳಿದಾಗ ಬಹಳ ಸಂತೋಷವಾಯಿತು. ಆದರೆ ಅಲ್ಲಿನ ಫೋನುಗಳಲ್ಲಿ ಮಾತು ತುಂಡಾಗುತ್ತದೆ, ಶನಿವಾರ ಎಲ್ಲ ಸ್ವಿಚ್‌ಗಳಲ್ಲೂ ಕ್ಯೂಓಎಸ್ (ಯಾವ ಪ್ಯಾಕೆಟ್ಟಿಗೆ ಮೊದಲ ಸರದಿ ಎಂದು ತೀರ್ಮಾನಿಸುವ ವ್ಯವಸ್ಥೆ) ಆನ್ ಮಾಡಿಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಏಕೆಂದು ಹೇಳುತ್ತೇನೆ, ಕೇಳು.

ನಾನು ಹುಡುಗನಾಗಿದ್ದಾಗ ನಿನ್ನಜ್ಜನ ತಮ್ಮ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಅವರೊಡನೆ ಮಾತಾಡಬೇಕೆಂದರೆ ಉಡುಪಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳು. ಅರ್ಜೆಂಟಿಗೆ ದುಪ್ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು ದುಡ್ಡು. ಇದ್ದ ಲೈನುಗಳೇ ಬೆರಳೆಣಿಕೆ. ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದುಳಿಯಲೇಬೇಕು. ಆ ದರಕ್ಕೆ ಹೆದರಿಯೇ ಅಜ್ಜ ಸಾವಿನ ಸುದ್ದಿಗಲ್ಲದೆ ಲೈಟ್ನಿಂಗಿನ ಮಾತೆತ್ತುತ್ತಿರಲಿಲ್ಲ.

ನಿನ್ನ ನೆಟ್‌ವರ್ಕಿನಲ್ಲಿ ಆ ಹೆದರಿಕೆ ಯಾರಿಗೂ ಇಲ್ಲ ಮಗಾ. ಪ್ಯಾಕೆಟ್ಟಿನ ಮೇಲಿನ ದರ್ಜೆಯ ಗುರುತು ಡಿಎಸ್‌ಸಿಪಿ 46 ಎಂದಿದ್ದರೆ ಅದು ಧ್ವನಿ, ಅದಕ್ಕೆ ಮೊದಲ ಸರದಿ. ಯಾವ ಲ್ಯಾಪ್‌ಟಾಪ್ ಬೇಕಾದರೂ ಪುಕ್ಕಟೆಯಾಗಿ ಹಾಗೆ ಬರೆದುಕೊಳ್ಳಬಹುದು. ಮಿತಿ ಹಾಕದೆ ಬಿಟ್ಟೆಯೋ, ಆ ಮೊದಲ ಸರದಿಯ ಕ್ಯೂ ಖಾಲಿಯಾಗುವ ತನಕ ಎಕ್ಸ್‌ರೇ ಚಿತ್ರಗಳೂ ಲ್ಯಾಬ್ ರಿಪೋರ್ಟುಗಳೂ ಆರ್ಡಿನರಿ ಬೆಂಚಿನಲ್ಲೇ. ಅದಕ್ಕೇ ಸ್ವಿಚ್ ತಯಾರಿಸುವ ಸಿಸ್ಕೊದವರು ಆ ಕ್ಯೂಗೆ ಲಿಂಕಿನ ಶೇಕಡಾ 33ಕ್ಕಿಂತ ಹೆಚ್ಚು ಕೊಡಬೇಡಿ ಎನ್ನುವುದು.

ಇನ್ನೊಂದು ಸಂಗತಿ. ನಿಮ್ಮಲ್ಲಿರುವುದು ಸಿಸ್ಕೊದ ಹಳೆಯ ಕೆಟಲಿಸ್ಟ್ 2960 ಸ್ವಿಚ್ ಎಂದೆಯಲ್ಲ? ಅದರಲ್ಲಿ ‘ಎಂಎಲ್‌ಎಸ್ ಕ್ಯೂಓಎಸ್’ ಎಂದು ಒಂದು ಸಾಲು ಟೈಪ್ ಮಾಡಿ ಸುಮ್ಮನಾದರೆ ಪೋರ್ಟುಗಳು ಯಾರನ್ನೂ ನಂಬುವುದಿಲ್ಲ. ಫೋನು ಬರೆದು ಕಳಿಸಿದ 46 ಸೊನ್ನೆಯಾಗುತ್ತದೆ. ಪೋರ್ಟಿನ ಬಫರ್ ನಾಲ್ಕು ಕ್ಯೂಗಳಿಗೆ ಕಾಲುಭಾಗದಂತೆ ಹಂಚಿಹೋಗುತ್ತದೆ, ಸೊನ್ನೆಯಾದವೆಲ್ಲ ಬಂದು ಬೀಳುವುದು ಒಂದೇ ಕ್ಯೂಗೆ. ನಿನ್ನೆಯವರೆಗೆ ಸರಾಗವಾಗಿ ಹೋಗುತ್ತಿದ್ದ ಫೈಲುಗಳೂ ಆಗ ಡ್ರಾಪ್ ಆಗತೊಡಗುತ್ತವೆ. ಯಾವುದನ್ನು ಸರಿಮಾಡಲು ಹೊರಟೆಯೋ ಅದೇ ಇನ್ನಷ್ಟು ಕೆಡುತ್ತದೆ, ಬೈಗುಳ ನಿನ್ನ ಪಾಲಿಗೆ.

ಅಷ್ಟಕ್ಕೂ ದಟ್ಟಣೆ ಇರುವುದು ಸ್ವಿಚ್ಚಿನಲ್ಲೇ ಎಂದು ಹೇಳಿದವರು ಯಾರು? ವೈಫೈ ಇರಬಹುದು, ಹೊರಗಿನ ಲೈನೇ ಇರಬಹುದು. ನಿನ್ನ 46ಕ್ಕೆ ಇಂಟರ್‌ನೆಟ್ ಕೊಡುವವರು ಬೆಲೆ ಕೊಡಲೇಬೇಕೆಂದೇನೂ ಇಲ್ಲ.

ಶನಿವಾರ ಏನನ್ನೂ ಮುಟ್ಟಬೇಡ. ಒಂದು ವಾರ ಪ್ರತಿ ಪೋರ್ಟಿನ ಡ್ರಾಪ್ ಲೆಕ್ಕ ಬರೆದಿಡು, ಈಗಿನ ಕಾನ್ಫಿಗರೇಶನ್ನಿನ ಪ್ರತಿ ತೆಗೆದಿಟ್ಟುಕೋ. ಎರಡನ್ನೂ ಹಿಡಿದುಕೊಂಡು ಆಮೇಲಿನ ಭಾನುವಾರ ಕಾಪುವಿಗೆ ಬಾ, ಕೂತು ನೋಡೋಣ. ಊಟ ಇಲ್ಲೇ, ಅತ್ತೆಗೆ ಹೇಳಿದ್ದೇನೆ.

ನಿನ್ನ ಪ್ರೀತಿಯ ಮಾವ